ಏಳು ಸಲ ತೊಳಸಿದ ಹಿಟ್ಟು

ಮಂಡ್ಯ, 17 ಆಗಸ್ಟ್ 2025, ಭಾನುವಾರ ರಾತ್ರಿ

ಅವ್ವ ಮಾತು ಬಿಟ್ಟಿದ್ದಾಳೆ. ನನ್ನ ಜೊತೆಯಲ್ಲ, ಅಕ್ಕನ ಮಗ ಪುಟ್ಟನ ಜೊತೆ. ಊರಿಂದ ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಅವನೂ ತುಟಿ ಬಿಚ್ಚಲಿಲ್ಲ. ಮಳೆ ಬೇರೆ.

ಹತ್ತು ನಿಮಿಷದ ಕಿರುಚಿತ್ರ ಅಂತ ತಿಂಗಳಿಂದ ಹಾರಾಡುತ್ತಿದ್ದನಲ್ಲ, ಇವತ್ತು ಅದರ ಮೊದಲ ದಿನ. ಅವ್ವ ಒಲೆ ಮುಂದೆ ಕೂತು ಮುದ್ದೆಯ ಹಿಟ್ಟು ತೊಳಸಬೇಕು, ಒಂದು ಸಲ ಬಾಗಿಲ ಕಡೆ ನೋಡಬೇಕು. ಅಷ್ಟೇ. ಮೊದಲನೇ ಟೇಕಿನಲ್ಲಿ ಹೊಗೆ ಜಾಸ್ತಿ. ಎರಡನೆಯದರಲ್ಲಿ ಶೀಟಿನ ಮೇಲೆ ಮಳೆ ಸದ್ದು. ಮೂರನೆಯದರಲ್ಲಿ ಅವ್ವ ಕ್ಯಾಮೆರಾ ನೋಡಿಬಿಟ್ಟಳು. ಆಮೇಲೆ ಏನು ತಪ್ಪಾಯ್ತು ಅಂತ ಪುಟ್ಟ ಹೇಳಲೇ ಇಲ್ಲ. ಬರೀ ‘ಒನ್ ಮೋರ್, ಒನ್ ಮೋರ್’. ಏಳನೆಯದು ಮುಗಿದಾಗ ಅವ್ವ ಕೋಲು ಕೆಳಗಿಟ್ಟಳು.

“ಏಳ್ ಕಿತ ತೊಳ್ಸಿದ್ದೀನಿ. ಒಬ್ನಾದ್ರೂ ಉಂಡ್ನಾ?”

ಕ್ಯಾಮೆರಾ ಹಿಡಿದ ಹುಡುಗ ನಕ್ಕುಬಿಟ್ಟ. ಪಾಪ, ಬೆಳಗ್ಗೆಯಿಂದ ಅವನ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಪುಟ್ಟ ಅವನ ಮೇಲೆ ಕಣ್ಣು ಬಿಟ್ಟ. ಅವ್ವ ಎದ್ದು ಹೋಗುತ್ತಾ ಇನ್ನೊಂದು ಮಾತು ಹೇಳಿದಳು: “ನೀ ಯೋಳ್ದಂಗೆ ತೊಳ್ಸಕ್ಕಾಗಕಿಲ್ಲ ಕಣ್ಲಾ. ನಾ ತೊಳ್ಸದ ನೀ ಹಿಡ್ಕೊ.”

ದಾರಿಯಲ್ಲಿ ಮಳೆ ಜೋರಾಯ್ತು ಅಂತ ಟೀ ಅಂಗಡಿ ಹತ್ತಿರ ನಿಲ್ಲಿಸಿದೆವು. ಆಗ ಬಾಯಿ ಬಿಟ್ಟ.

“ಅವರು ನಾಲ್ಕೇ ದಿನದಲ್ಲಿ ಶೂಟ್ ಮುಗಿಸಿದ್ರು ಮಾವ.”

ಅವರು ಅಂದರೆ ಚಿದಾನಂದ ನಾಯ್ಕ್. ಇವನಿಗೆ ಅವರೇ ದೇವರು. ನಮ್ಮ ಮೈಸೂರಲ್ಲೇ ಡಾಕ್ಟರ್ ಓದಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ಮುದುಕಿಯೊಬ್ಬಳು ಊರಿನ ಹುಂಜ ಕದ್ದು, ಊರಿಗೆ ಬೆಳಕೇ ಹರಿಯದ ಜನಪದ ಕಥೆಯನ್ನು 16 ನಿಮಿಷದ ಕನ್ನಡ ಚಿತ್ರ ಮಾಡಿದರು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂತು.

“ನಾಲ್ಕು ದಿನ ಅನ್ನೋದು ಕೇಳಿಸ್ತು. ನಾಲ್ಕು ಜನ ಅನ್ನೋದು ಕೇಳಿಸಲಿಲ್ವಾ?” ಅಂದೆ. ಕ್ಯಾಮೆರಾ ಸೂರಜ್ ಠಾಕೂರ್, ಎಡಿಟಿಂಗ್ ಮನೋಜ್ ವಿ., ಸೌಂಡ್ ಅಭಿಷೇಕ್ ಕದಂ. ಒಂದೇ ಕಡೆ ಓದಿದ ಹುಡುಗರು. “ನಿನ್ನ ಕ್ಯಾಮೆರಾದವನಿಗೆ ಪೂರ್ತಿ ಕಥೆ ಹೇಳಿದ್ದೀಯಾ?”

ಸುಮ್ಮನಾದ. ಹೇಳಿಲ್ಲ. ಅವ್ವ ಬಾಗಿಲ ಕಡೆ ಯಾಕೆ ನೋಡುತ್ತಾಳೆ ಅನ್ನೋದೇ ಆ ಹುಡುಗನಿಗೆ ಗೊತ್ತಿಲ್ಲ. ಅಷ್ಟೇ ಯಾಕೆ, ಅವ್ವನಿಗೂ ಗೊತ್ತಿಲ್ಲ.

ನಾನು ಬಿಡಲಿಲ್ಲ. ‘ತಿಥಿ’ ಸಿನಿಮಾದ ಮಾತು ತೆಗೆದೆ. ನಿರ್ದೇಶಕ ರಾಮ್ ರೆಡ್ಡಿ ಬೆಂಗಳೂರಿನವರು. ಆದರೆ ಜೊತೆಗೆ ಕೂತು ಬರೆದ ಈರೇಗೌಡ ನಮ್ಮ ನೊದೆಕೊಪ್ಪಲಿನಲ್ಲೇ ಬೆಳೆದವರು. ಊರಿನವರನ್ನೇ ಹಾಕಿಕೊಂಡು ಮಾಡಿದ್ದಕ್ಕೆ ತಾನೇ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಬಂದಿದ್ದು?

“ನಾನೂ ಇದೇ ಊರಿನವನು ಅಲ್ವಾ ಮಾವ? ನನಗೆ ಈರೇಗೌಡ್ರು ಯಾಕೆ?”

ಒಳ್ಳೇ ಪ್ರಶ್ನೆ. ಉತ್ತರ ಹೊಳೆಯಲಿಲ್ಲ. ಟೀ ದುಡ್ಡು ಕೊಟ್ಟು ಬೈಕ್ ಸ್ಟಾರ್ಟ್ ಮಾಡಿದೆ.

ಮನೆಗೆ ಬಂದು ತಲೆ ಒರೆಸಿಕೊಳ್ಳುವಾಗ ಹೊಳೆಯಿತು. ಸ್ಪೇನಿನ ನಿರ್ದೇಶಕಿ ಕಾರ್ಲಾ ಸಿಮೋನ್. ‘ಅಲ್ಕರಾಸ್’ ಅಂತ ಅವರ ಎರಡನೇ ಚಿತ್ರ, 2022ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಪ್ರಶಸ್ತಿ ಗೆದ್ದಿತು. ಪೀಚ್ ಹಣ್ಣಿನ ತೋಟದ ಮನೆಯೊಂದು, ಸೋಲಾರ್ ಪ್ಯಾನೆಲ್ ಹಾಕೋಕೆ ಆ ಜಮೀನೇ ಕೈಬಿಟ್ಟು ಹೋಗುವ ಕಥೆ. ಕಬ್ಬಿನ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಲಾಗೂ ಆ ಊರು ಹೊಸದಲ್ಲ, ಅವರ ಮನೆಯವರೇ ಅಲ್ಲಿ ಪೀಚ್ ಬೆಳೆಯುವವರು. ಆದರೂ ಆ ಸೀಮೆಯ ರೈತಾಪಿ ಜನರನ್ನೇ ಆರಿಸಿ, ಶೂಟಿಂಗಿಗೆ ಮೊದಲು ತಿಂಗಳುಗಟ್ಟಲೆ ಒಟ್ಟಿಗೆ ಕೂರಿಸಿದರು. ಬೇರೆ ಬೇರೆ ಮನೆಯವರು ಅಪ್ಪ, ಅತ್ತೆ, ಮೊಮ್ಮಗ ಅಂತ ಒಬ್ಬರಿಗೊಬ್ಬರು ರೂಢಿಯಾಗಲಿ ಅಂತ.

ಇವನು ಅವ್ವನ ಪಕ್ಕ ಸುಮ್ನೆ ಕೂತು ಎಷ್ಟು ವರ್ಷ ಆಯ್ತು? ಗೌರಿ ಹಬ್ಬಕ್ಕೆ ಬರುತ್ತಾನೆ, ಒಬ್ಬಟ್ಟು ತಿಂದು ಹೋಗುತ್ತಾನೆ.

‘ಆಫ್ಟರ್‌ಸನ್’ ಸಿನಿಮಾ ಮಾಡಿದ ಶಾರ್ಲೆಟ್ ವೆಲ್ಸ್‌ಗೂ ಅದು ಮೊದಲ ಪೂರ್ಣಪ್ರಮಾಣದ ಚಿತ್ರವೇ. ಅಪ್ಪ, ಮಗಳ ಪಾತ್ರದ ಇಬ್ಬರನ್ನು ಕ್ಯಾಮೆರಾ ಇಡುವ ಮೊದಲು ಎರಡು ವಾರ ಜೊತೆಯಲ್ಲಿ ಇರಲು ಬಿಟ್ಟರು. ಇದನ್ನೆಲ್ಲ ಪುಟ್ಟನಿಗೆ ಹೇಳೋಣ ಅಂತ ಹೋದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಇವತ್ತಿನ ಏಳೂ ಟೇಕ್ ನೋಡುತ್ತಿದ್ದ. ವಾಪಸ್ ಬಂದೆ.

ಅಕ್ಕನ ಫೋನು. “ಎಂಜಿನಿಯರಿಂಗ್ ಓದಿಸಿದ್ದು ಇದಕ್ಕಾ? ನೀನೇ ಅವನ ತಲೆ ಕೆಡಿಸಿದ್ದು.” ಇರಬಹುದು.

ಉಪದೇಶ ಮಾಡೋದು ಸಲೀಸು. ಇಪ್ಪತ್ತು ವರ್ಷದಿಂದ ಕ್ಲಾಸಲ್ಲಿ ನಾನೂ ‘ಇನ್ನೊಂದ್ಸಲ ಬರಿ’ ಅಂತಲೇ ಇದ್ದೀನಿ. ಏನು ತಪ್ಪು ಅಂತ ಎಷ್ಟು ಮಕ್ಕಳಿಗೆ ಹೇಳಿದ್ದೀನೋ.

ಒಂಬತ್ತಕ್ಕೆ ಅವ್ವ ನನಗೆ ಫೋನ್ ಮಾಡಿದಳು. ಮೊಮ್ಮಗನ ಹೆಸರು ಎತ್ತಲಿಲ್ಲ. “ಬೆಳಗ್ಗೆ ಆರ್ಗಂಟೆಗೆ ಹಿಟ್ಟು ತೊಳ್ಸೀನಿ. ಬೇಕಾದೋರು ಬಂದು ಹಿಡ್ಕೊಳ್ಳಿ. ಆ ಹುಡುಗ್ನೂ ಉಂಡ್ಕೊಂಡೇ ಹೋಗ್ಬೇಕು.” ಇಟ್ಟೇಬಿಟ್ಟಳು. ಶುಗರ್ ಮಾತ್ರೆ ತಗೊಂಡ್ಯಾ ಅಂತ ಕೇಳಲೂ ಬಿಡಲಿಲ್ಲ.

ಪುಟ್ಟನಿಗೆ ಹೇಳಿದೆ. ಮುಖ ಅರಳಿತು. ತಕ್ಷಣ ಕ್ಯಾಮೆರಾದವನಿಗೆ ಫೋನ್ ಹಚ್ಚಿದ. ಅರ್ಧ ಗಂಟೆ ಆಯ್ತು, ಇನ್ನೂ ಮಾತು ಮುಗಿದಿಲ್ಲ, ಬಾಗಿಲ ವಿಷಯ ಹೇಳುತ್ತಿದ್ದಾನೆ ಅನಿಸುತ್ತೆ. ಮಧ್ಯೆ ಇಣುಕಿ, “ಮಾವ, ಇವತ್ತಿನ ಸೀರೆನೇ ಉಡ್ಬೇಕು, ಇವತ್ತಿನ ಶಾಟ್‌ಗೆ ಹೊಂದ್ಬೇಕಲ್ಲ, ಕಂಟಿನ್ಯುಟಿ. ನೀವೇ ಅವ್ವಂಗೆ ಹೇಳಿ” ಅಂದ.

ನಾನ್ಯಾಕೆ ಹೇಳಲಿ? ಅದೂ ಅಲ್ಲದೆ ಅವ್ವ ಅದನ್ನು ಸಂಜೆಯೇ ಒಗೆದು ಹಾಕಿರುತ್ತಾಳೆ, ಈ ಮಳೆಯಲ್ಲಿ ಒಣಗಿದ್ದರೆ ತಾನೇ.