ಈ ಹಾಡು ಯಾರ ಕಿವಿಗೆ?

2024ರ ಡಿಸೆಂಬರ್ 14, ಶನಿವಾರ

ಕಾಲುಚೀಲ ಕೊಳ್ಳಲು ಹೋಗಿದ್ದೆ. ಅಂಗಡಿಯ ಚಾವಣಿಯಿಂದ ಕ್ರಿಸ್‌ಮಸ್ ಹಾಡುಗಳು ಒಂದರ ಬೆನ್ನಿಗೊಂದು ಇಳಿಯುತ್ತಿದ್ದವು. ನನಗದು ಹಿತವಾಗಿಯೇ ಇತ್ತು. ಬೇಡದ ಎರಡು ಸಾಮಾನುಗಳೂ ಬುಟ್ಟಿಗೆ ಬಿದ್ದವು. ಬಿಲ್ ಮಾಡುತ್ತಿದ್ದ ಹುಡುಗಿಯನ್ನು "ದಿನವಿಡೀ ಇವೇ ಹಾಡುಗಳೇನಮ್ಮ?" ಎಂದು ಕೇಳಿದೆ. "ನವೆಂಬರಿನಿಂದ ಇವೇ ಸರ್. ಇಲ್ಲಿ ಈಗ ಕಿವಿಗೆ ಬೀಳುವುದೇ ಇಲ್ಲ, ಮನೆಗೆ ಹೋಗಿ ಮಲಗಿದರೆ ಕೇಳಿಸುತ್ತವೆ" ಎಂದಳು.

ಅಂಗಡಿಯವರು ಬರೀ ಹಬ್ಬದ ಸಡಗರಕ್ಕೆಂದು ಹಾಡು ಹಾಕುತ್ತಾರೆಂದು ನಂಬುವಷ್ಟು ಮುಗ್ಧ ನಾನಲ್ಲ. ರೊನಾಲ್ಡ್ ಮಿಲಿಮನ್ 1982ರಲ್ಲಿ ಪ್ರಕಟಿಸಿದ ಸೂಪರ್‌ಮಾರ್ಕೆಟ್ ಅಧ್ಯಯನದಲ್ಲಿ, ವೇಗದ ಸಂಗೀತಕ್ಕಿಂತ ನಿಧಾನಗತಿಯ ಸಂಗೀತವಿದ್ದಾಗ ಮಾರಾಟ ಸುಮಾರು ಶೇ. 38ರಷ್ಟು ಹೆಚ್ಚಾಗಿತ್ತು. ಜನರ ನಡಿಗೆ ನಿಧಾನವಾಗಿತ್ತು, ಅಷ್ಟೇ. 2005ರಲ್ಲಿ ಎರಿಕ್ ಸ್ಪ್ಯಾಂಗೆನ್‌ಬರ್ಗ್ ಮತ್ತು ಸಂಗಡಿಗರು ಹಬ್ಬದ ಪರಿಮಳವನ್ನೂ ಸೇರಿಸಿ ನೋಡಿದರು: ಪರಿಮಳದ ಜೊತೆಗೆ ಹಾಡೂ ಕ್ರಿಸ್‌ಮಸ್‌ನದೇ ಆದಾಗ ಅಂಗಡಿಯ ಮೇಲೆ ಒಳ್ಳೆಯ ಅಭಿಪ್ರಾಯ ಮೂಡಿತು, ಬರೀ ಪರಿಮಳದಿಂದ ಪ್ರಯೋಜನವಾಗಲಿಲ್ಲ. ಮೂಗನ್ನೂ ಬಿಡಲಿಲ್ಲ ಪುಣ್ಯಾತ್ಮರು! ಆದರೆ ಅಳೆದದ್ದೆಲ್ಲ ಬಂದು ಹೋಗುವವರ ಮನಸ್ಸನ್ನು.

ಈ ವಿದ್ಯೆಗೆ ಹಿರಿಯಣ್ಣನೆಂದರೆ ಮ್ಯೂಜ್ಯಾಕ್. ಅಮೆರಿಕದ ಸೇನಾಧಿಕಾರಿ ಜಾರ್ಜ್ ಓವೆನ್ ಸ್ಕ್ವಯರ್ ತಂತಿಯ ಮೂಲಕ ಸಂಗೀತ ಹಂಚುವ ಯೋಜನೆ ಹಾಕಿದ್ದ. ಆ ಉದ್ಯಮಕ್ಕೆ 1934ರಲ್ಲಿ ಈ ಹೆಸರು ಬಂತು. ಕಾರ್ಖಾನೆಗಳಲ್ಲಿ ಕೆಲಸ ಚುರುಕಾಗಲೆಂದು ಅದು ರೂಪಿಸಿದ ಕ್ರಮ ನೋಡಿ: 15 ನಿಮಿಷ ಸಂಗೀತ, ಬಳಿಕ 15 ನಿಮಿಷ ಮೌನ. ಕೆಲಸಗಾರರ ಮೇಲಿನ ಮಮತೆಯಿಂದಲ್ಲ, ಹೆಚ್ಚು ದುಡಿಸುವ ಲೆಕ್ಕದಿಂದಲೇ. ಆದರೂ ಮೌನವೊಂದು ಆ ಲೆಕ್ಕದಲ್ಲಿ ಸೇರಿತ್ತು. ಇಂದಿನ ಅಂಗಡಿಗೆ ಅದೂ ಬೇಕಿಲ್ಲ. ಗಿರಾಕಿ ಅರ್ಧ ಗಂಟೆಯಲ್ಲಿ ಹೊರಟುಹೋಗುತ್ತಾನೆ, ಅವನಿಗೆ ಹಾಡು ಹಳಸುವುದಿಲ್ಲ. ಎಂಟು ಗಂಟೆ ಅಲ್ಲೇ ನಿಲ್ಲುವವಳಿಗೆ ಅದೇ ಪಟ್ಟಿ ಮತ್ತೆ ಮೊದಲಿನಿಂದ.

ಹಾಡುಗಳ ಮೇಲೆ ನನಗೆ ಮುನಿಸಿಲ್ಲ. 'ಸೈಲೆಂಟ್ ನೈಟ್' ಮೊದಲು ಕೇಳಿಸಿದ್ದು 1818ರ ಡಿಸೆಂಬರ್ 24ರಂದು, ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನ ಚರ್ಚಿನಲ್ಲಿ. ಪದ್ಯ ಬರೆದ ಪಾದ್ರಿ ಯೋಸೆಫ್ ಮೋರ್, ರಾಗ ಹಾಕಿದ ಫ್ರಾಂಜ್ ಕ್ಸೇವರ್ ಗ್ರೂಬರ್ ಇಬ್ಬರೂ ಒಂದು ಗಿಟಾರಿನೊಂದಿಗೆ ಹಾಡಿದರು. ಈಗಲೂ ಚೌಕದಲ್ಲೋ ರೈಲು ನಿಲ್ದಾಣದಲ್ಲೋ ನಾಲ್ಕು ಜನ ಸೇರಿ ಹಾಡಿದರೆ ನಾನು ನಿಂತು ಕೇಳುತ್ತೇನೆ. ಬೇಡವೆನಿಸಿದವರು ಮುಂದೆ ಹೋಗಬಹುದು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ಎಲ್ಲಿಗೆ ಹೋಗಬೇಕು?

ಹಾಗೆಂದು ಅಂಗಡಿಗಳೆಲ್ಲ ಮೂಕವಾಗಲಿ ಎನ್ನುವವರ ಪೈಕಿಯೂ ನಾನಲ್ಲ. ಅಂಥವರು ಹಬ್ಬಕ್ಕೆ ಕರೆಯಲು ತಕ್ಕ ಜನರಲ್ಲ. ಪಟ್ಟಿ ಉದ್ದವಾಗಲಿ, ಧ್ವನಿ ತಗ್ಗಲಿ, ನವೆಂಬರ್ ತಿಂಗಳನ್ನು ಅದರ ಪಾಡಿಗೆ ಬಿಡಲಿ. ಮ್ಯೂಜ್ಯಾಕ್‌ನ ಆ 15 ನಿಮಿಷವನ್ನು ಸಾಲ ತರಲಿ. ಕೆಲವೆಡೆ ಗಿರಾಕಿ ಕಾಲಿಡದ ಗೋದಾಮಿಗೂ, ನೌಕರರು ಊಟಕ್ಕೆ ಕೂರುವ ಕೋಣೆಗೂ ಸ್ಪೀಕರ್ ಎಳೆದಿರುತ್ತಾರಲ್ಲ, ಅಲ್ಲಿ ಯಾರಿಗೆ ಏನು ಮಾರುತ್ತಾರೋ!