ಆರನೇ ಕಾಲಿನಿಂದ ಎರಡನೇ ಕಾಲಿಗೆ

ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ಜಿಲ್ಲೆಗೆಲ್ಲ ಮಳೆ ರಜೆ ಅಂತ ಹಿಂದಿನ ರಾತ್ರಿಯೇ ಸುದ್ದಿ ಬಂದಿತ್ತು. ಶಿವಮೊಗ್ಗದ ಹಾಸ್ಟೆಲಿನಿಂದ ಶನಿವಾರ ಊರಿಗೆ ಬಂದಿದ್ದ ನಾನು ಮನೆಯಲ್ಲೇ ಉಳಿದೆ. ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆದರೆ ನಮ್ಮ ಮನೆ. ಎಲ್ಲೋ ಲೈನಿನ ಮೇಲೆ ಮರ ಬಿದ್ದು ಎರಡು ದಿನದಿಂದ ಕರೆಂಟಿರಲಿಲ್ಲ. ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ತೋಟದ ಬಸಿಗಾಲುವೆ ಬಿಡಿಸಲು ಹೋಗಿದ್ದರು. ನಾನು ಜಗಲಿಯಲ್ಲಿ, ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ, ಬೆಸುಗೆಯಿಲ್ಲದೆ ವೈರು ಚುಚ್ಚಿ ಸರ್ಕ್ಯೂಟ್ ಕಟ್ಟುವ ಬ್ರೆಡ್‌ಬೋರ್ಡ್ ಹರಡಿಕೊಂಡು ಕೂತೆ.

ಆಗ ನಾನು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಮೂರನೇ ವರ್ಷ. ಎರಡು ಇನ್‌ಪುಟ್‌ಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸುವ ಆಪ್-ಆಂಪ್ ಎಂಬ ಐಸಿಯ ಪಾಠ ಹಿಂದಿನ ಸೆಮಿಸ್ಟರಿನಲ್ಲೇ ಮುಗಿದಿತ್ತು, ಪಾಸೂ ಆಗಿದ್ದೆ. ಆದರ್ಶ ಆಪ್-ಆಂಪಿನ ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆಂಬ ಲೆಕ್ಕ) ಅನಂತ, ಇನ್‌ಪುಟ್ ಇಂಪಿಡೆನ್ಸ್ ಅನಂತ, ಔಟ್‌ಪುಟ್ ಇಂಪಿಡೆನ್ಸ್ ಸೊನ್ನೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ಲ್ಯಾಬಿನಲ್ಲಿ ಒಂದು ಮೇಜಿಗೆ ಆರು ಜನ. ವೈರು ಚುಚ್ಚುವವರು ಇಬ್ಬರು, ಉಳಿದವರು ರೀಡಿಂಗ್ ಬರೆದುಕೊಳ್ಳುವವರು. ನಾನು ಬರೆದುಕೊಂಡವಳು. 741 ಎಂಬ ಆಪ್-ಆಂಪ್ ಐಸಿ ಒಂದನ್ನೂ ಕೈಯಾರೆ ಕೂರಿಸಿ ಕೆಲಸ ಮಾಡಿಸಿರಲಿಲ್ಲ. ಅನಂತ ಗೇನ್ ಇರುವ ವಸ್ತುವಿನಿಂದ ಹತ್ತು ಪಟ್ಟು, ಹನ್ನೊಂದು ಪಟ್ಟು ಎಂಬ ಸಣ್ಣ ಸಂಖ್ಯೆ ಹೇಗೆ ಹೊರಬರುತ್ತದೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಯಾರೂ ಕೇಳಲಿಲ್ಲ. ನನಗೆ ಮಾತ್ರ ಅದು ಒಳಗೊಳಗೇ ಕೊರೆಯುತ್ತಿತ್ತು.

ದುರ್ಗಿಗುಡಿಯ ಒಂದು ಸಂದಿಯಲ್ಲಿ ಹಳೇ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಹಿರಿಯರೊಬ್ಬರ ಅಂಗಡಿಯಿತ್ತು. ಅವರ ಬೆಂಚಿನ ಮೇಲೆ ಯಾವತ್ತೂ ಒಂದು ರೇಡಿಯೋ 675 ಕಿಲೋಹರ್ಟ್ಸಿನಲ್ಲಿ ಭದ್ರಾವತಿ ಆಕಾಶವಾಣಿ ಹಾಡುತ್ತಿರುತ್ತಿತ್ತು. ಭದ್ರಾವತಿ ಸ್ವಚ್ಛವಾಗಿ ಕೇಳಿದರೆ ರಿಪೇರಿ ಮುಗಿಯಿತು ಎಂದರ್ಥ. ಶನಿವಾರ ಅಲ್ಲಿಂದಲೇ ಮೂರು 741, ಎಲ್‌ಎಂ35 ಎಂಬ ಉಷ್ಣತೆಯ ಸೆನ್ಸರ್ ಒಂದು, ನಾಲ್ಕಾರು ರೆಸಿಸ್ಟರು, ತಿರುಗಿಸಿ ವೋಲ್ಟೇಜ್ ಏರಿಳಿಸುವ ಪಾಟ್ ಒಂದು, ಎರಡು 9 ವೋಲ್ಟ್ ಬ್ಯಾಟರಿ ತಂದಿದ್ದೆ. "ಮೂರು ಯಾಕಮ್ಮಾ?" ಅಂದಿದ್ದರು. "ಸುಟ್ಟುಹೋದರೆ ಬೇಕಲ್ಲ ಸಾರ್" ಅಂದಿದ್ದೆ.

ಮೊದಲ ಗೊಂದಲ ಬ್ಯಾಟರಿಯದ್ದೇ. 741ಕ್ಕೆ ಏಳನೇ ಕಾಲಿಗೆ ಪ್ಲಸ್, ನಾಲ್ಕನೇ ಕಾಲಿಗೆ ಮೈನಸ್. ಐಸಿಯಲ್ಲಿ ಗ್ರೌಂಡ್ ಎಂಬ ಕಾಲೇ ಇಲ್ಲ. ಅಷ್ಟು ದಿನ ಗ್ರೌಂಡ್ ಎಂದರೆ ಬ್ಯಾಟರಿಯ ಮೈನಸ್ ಎಂದೇ ತಿಳಿದಿದ್ದೆ. ಒಂದು ಬ್ಯಾಟರಿಯ ಮೈನಸ್ಸಿಗೆ ಇನ್ನೊಂದರ ಪ್ಲಸ್ ಕಟ್ಟಿ, ಆ ಗಂಟಿಗೆ ಮೀಟರಿನ ಕಪ್ಪು ವೈರು ಹಿಡಿದು ನೋಡಿದೆ. ಒಂದು ಕಡೆ 8.9, ಇನ್ನೊಂದು ಕಡೆ ಮೈನಸ್ 8.9. ನಾನು ಕೂತಿದ್ದ ಜಾಗದ ಪಕ್ಕದಲ್ಲೇ ನಮ್ಮ ಮನೆಯ ಹೊಸ್ತಿಲು. ಒಳಮನೆಗೂ ಜಗಲಿಗೂ ಲೆಕ್ಕ ಅಲ್ಲಿಂದಲೇ ಶುರು. ಗ್ರೌಂಡ್ ಎಂದರೆ ಅಂಥದ್ದೊಂದು ಹೊಸ್ತಿಲು, ಎಲ್ಲಿಂದ ಅಳೆಯಬೇಕೆಂದು ನಾವೇ ಗೊತ್ತು ಮಾಡಿಕೊಂಡ ಜಾಗ. ಇಷ್ಟು ತಿಳಿದ ಮೇಲೆ ಎರಡು ಬ್ಯಾಟರಿ ಯಾಕೆ ಬೇಕೆಂಬುದನ್ನು ಯಾರಿಗೂ ಕೇಳಬೇಕಾಗಲಿಲ್ಲ. ಔಟ್‌ಪುಟ್ ಹೊಸ್ತಿಲಿನ ಎರಡೂ ಕಡೆ ಓಡಾಡಬೇಕು, ಅದಕ್ಕೆ.

ಐಸಿ ಕೂರಿಸಿದೆ. ಅದರ ಎರಡನೇ, ಮೂರನೇ ಕಾಲು ಇನ್‌ಪುಟ್; ಆರನೇ ಕಾಲು ಔಟ್‌ಪುಟ್. ಎರಡನೇ ಕಾಲು ಗ್ರೌಂಡಿಗೆ. ಪಾಟಿನ ನಡುಕಾಲು ಐಸಿಯ ಮೂರನೇ ಕಾಲಿಗೆ. ಮೀಟರು ಆರನೇ ಕಾಲಿನಲ್ಲಿ. 8 ವೋಲ್ಟಿನ ಹತ್ತಿರ ತೋರಿಸಿತು. ಪಾಟ್ ತಿರುಗಿಸಿದೆ, ಅಲ್ಲಾಡಲಿಲ್ಲ. ಇನ್ನೂ ತಿರುಗಿಸಿದೆ. ಒಂದು ಕಡೆ, ಕೂದಲೆಳೆಯಷ್ಟು ಜಾಗದಲ್ಲಿ, ಧಡಕ್ಕನೆ ಮೈನಸ್ 7ಕ್ಕೆ ಹಾರಿತು. ನಡುವೆ ಎಲ್ಲೂ ನಿಲ್ಲುವುದಿಲ್ಲ. ಉಸಿರು ಹಿಡಿದು, ಉಗುರಿನ ತುದಿಯಲ್ಲಿ ತಿರುಗಿಸಿದರೂ ಇಲ್ಲ. ಐಸಿ ಸತ್ತಿದೆ ಎಂದುಕೊಂಡು ಎರಡನೆಯದು ಹಾಕಿದೆ. ಅದೂ ಹಾಗೆಯೇ. ಎರಡೂ ಇನ್‌ಪುಟ್ ಕಾಲುಗಳನ್ನು ಗ್ರೌಂಡಿಗೆ ಕಟ್ಟಿದೆ. ಎರಡೂ ಸೊನ್ನೆಯಾದರೆ ಔಟ್‌ಪುಟ್ಟೂ ಸೊನ್ನೆಯಾಗಲೇಬೇಕಲ್ಲ. ಆಗಲಿಲ್ಲ. ಒಂದು ಐಸಿ ಮೇಲಕ್ಕೆ ಹೋಗಿ ಕೂತಿತು, ಇನ್ನೊಂದು ಕೆಳಕ್ಕೆ. ಮೂರನೆಯದನ್ನೂ ನೋಡಿ ಕೈಚೆಲ್ಲಿದೆ.

ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಆಗಿನಿಂದ ನೋಡುತ್ತಿದ್ದರು. "ಎಂತದೇ ಅದು, ಎಂಟು ಕಾಲಿನ ಹುಳ?" ಅಂದರು.

"ಐಸಿ ಅಜ್ಜಿ. ಹೇಳಿದ ಮಾತು ಕೇಳ್ತಾ ಇಲ್ಲ."

"ಗೊತ್ತಿದ್ದವ್ರನ್ನ ಕೇಳು ಮಾರಾಯ್ತಿ. ಹಾಗೇ ಕೂತ್ರೆ ಆಗ್ತದ?"

ಫೋನಿನ ಸಿಗ್ನಲ್ ಸಿಗುವುದು ಮನೆ ಹಿಂದಿನ ಬೇಣದ ನೆತ್ತಿಯಲ್ಲಿ ಮಾತ್ರ. ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು, ಕೊಡೆ ಹಿಡಿದು ಹತ್ತಿದೆ. ಅಷ್ಟಾದರೂ ಎರಡು ಇಂಬಳ ಹತ್ತಿಕೊಂಡವು. ಅಂಗಡಿಯವರು ಫೋನೆತ್ತಿದಾಗ ಹಿಂದೆ ರೇಡಿಯೋ ಕೇಳುತ್ತಿತ್ತು. ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು.

"ಅಡಿಕೆ ಮಂಡೀಲಿ ತಕ್ಕಡಿ ನೋಡಿದೀಯೇನಮ್ಮಾ?"

"ನೋಡಿದೀನಿ ಸಾರ್. ನಮ್ಮದೂ ಅಡಿಕೆ ತೋಟಾನೆ."

"ಎರಡು ತಟ್ಟೇಲಿ ಒಂದು ಗೋಟಡಿಕೆಯಷ್ಟು ಹೆಚ್ಚುಕಮ್ಮಿ ಇದ್ರೂ ತಕ್ಕಡಿ ಪೂರ್ತಿ ಒಂದು ಕಡೆ ವಾಲಿಬಿಡುತ್ತೆ. ಅದು ತಕ್ಕಡಿ ತಪ್ಪಾ? ಅಡಿಕೆ ಹಾಕೋ ಕೈ ಒಂದು ಬೇಕು. ಈಗ ನಿನ್ನ ಹತ್ರ ತಕ್ಕಡಿ ಇದೆ, ಕೈ ಇಲ್ಲ. ಆರನೇ ಕಾಲಿಂದ ಎರಡನೇ ಕಾಲಿಗೆ ಒಂದು ವೈರ್ ಹಾಕು. ಗ್ರೌಂಡ್ ವೈರ್ ತೆಗಿ. ಬೇರೇನೂ ಮುಟ್ಟಬೇಡ. ಆಮೇಲೆ ಪಾಟ್ ತಿರುಗಿಸಿ ನೋಡು."

ಇಳಿದು ಬಂದೆ. ತಲೆ ಒರೆಸಿಕೊಳ್ಳಲೂ ತಾಳ್ಮೆಯಿರಲಿಲ್ಲ. ಎರಡು ಇಂಚಿನ ಹಳದಿ ವೈರು, ಆರರಿಂದ ಎರಡಕ್ಕೆ. ಪಾಟ್ ತಿರುಗಿಸಿದೆ. ಮೂರನೇ ಕಾಲಿನಲ್ಲಿ 1.37. ಆರನೇ ಕಾಲಿನಲ್ಲಿ 1.37. ಮತ್ತೆ ತಿರುಗಿಸಿದೆ: 3.02, 3.02. ಹೊಸ್ತಿಲಿನ ಕೆಳಗೆ ಇಳಿಸಿದೆ: ಮೈನಸ್ 2.6, ಮೈನಸ್ 2.6. ಸ್ವಲ್ಪ ಹೊತ್ತಿನ ಹಿಂದೆ ಎಲ್ಲೂ ನಿಲ್ಲದೆ ಎಗರಾಡುತ್ತಿದ್ದ ಅದೇ ಐಸಿ, ಈಗ ಹಸುವಿನ ಹಿಂದೆ ಕರು ಬಂದಹಾಗೆ ಬರುತ್ತಿದೆ. ಆ ಘಳಿಗೆಯಲ್ಲಿ ಆದ ಸಂತೋಷ ನನಗೆ ಇವತ್ತಿಗೂ ಮೈಯಲ್ಲಿ ನೆನಪಿದೆ.

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಮಾಡಲು ಕೂತೆ. 741ರ ಗೇನ್ ಸಾಮಾನ್ಯವಾಗಿ 2 ಲಕ್ಷ. ಔಟ್‌ಪುಟ್ 8 ವೋಲ್ಟಿಗೆ ಹೋಗಿ ಬಡಿಯಲು ಎರಡು ಇನ್‌ಪುಟ್‌ಗಳ ನಡುವೆ 40 ಮೈಕ್ರೋವೋಲ್ಟ್ ವ್ಯತ್ಯಾಸ ಸಾಕು, ಅಂದರೆ ಒಂದು ವೋಲ್ಟಿನ 25 ಸಾವಿರದಲ್ಲಿ ಒಂದು ಪಾಲು. ಯಾವ ಪಾಟಿನಿಂದ, ಯಾವ ಉಗುರಿನಿಂದ ಅಷ್ಟು ಸಣ್ಣದನ್ನು ಹಿಡಿದು ನಿಲ್ಲಿಸಲಿಕ್ಕಾಗುತ್ತದೆ? ಎರಡು ಕಾಲನ್ನೂ ಗ್ರೌಂಡಿಗೆ ಕಟ್ಟಿದರೂ ಸೊನ್ನೆ ಬರದಿದ್ದ ಕಾರಣವೂ ಇಲ್ಲೇ ಇತ್ತು. ಐಸಿಯ ಒಳಗಿನ ಎರಡು ಟ್ರಾನ್ಸಿಸ್ಟರುಗಳು ಅವಳಿಗಳಾದರೂ ಪೂರ್ತಿ ಒಂದೇ ಥರ ಇರುವುದಿಲ್ಲ; ಒಂದೆರಡು ಮಿಲಿವೋಲ್ಟ್ ಆಚೀಚೆ ಇರುತ್ತದೆ. ಅದನ್ನು 2 ಲಕ್ಷದಿಂದ ಗುಣಿಸಿದರೆ ನೂರಾರು ವೋಲ್ಟ್. 9 ವೋಲ್ಟ್ ಬ್ಯಾಟರಿ ಅದನ್ನು ಎಲ್ಲಿಂದ ತರಬೇಕು? ತನ್ನ ಗೋಡೆಗೆ ಹೋಗಿ ಒರಗುತ್ತದೆ, ಅಷ್ಟೆ. ನನ್ನ ಮೂರೂ ಐಸಿಗಳು ಚೆನ್ನಾಗಿಯೇ ಇದ್ದವು.

ಹಳದಿ ವೈರು ಹಾಕಿದ ಮೇಲೆ ಔಟ್‌ಪುಟ್ಟೇ ಎರಡನೇ ಕಾಲಿಗೆ ಬರುತ್ತದೆ. ಅದು ಮೂರನೇ ಕಾಲಿಗಿಂತ ಎಳ್ಳಷ್ಟು ಹೆಚ್ಚಾದರೆ ಐಸಿ ತನ್ನ ಔಟ್‌ಪುಟ್ ಇಳಿಸುತ್ತದೆ, ಕಡಿಮೆಯಾದರೆ ಏರಿಸುತ್ತದೆ. ತೂಗುವುದೂ ಅದೇ, ತಟ್ಟೆಗೆ ಅಡಿಕೆ ಹಾಕುವ ಕೈಯೂ ಅದೇ.

ವೈರಿನ ಜಾಗಕ್ಕೆ ರೆಸಿಸ್ಟರು ಬಂದರೆ? ಆರರಿಂದ ಎರಡಕ್ಕೆ 10ಕೆ (10 ಸಾವಿರ ಓಮ್), ಎರಡರಿಂದ ಗ್ರೌಂಡಿಗೆ 1ಕೆ. ಈಗ ಎರಡನೇ ಕಾಲಿಗೆ ಸಿಗುವುದು ಔಟ್‌ಪುಟ್ಟಿನ ಹನ್ನೊಂದರಲ್ಲಿ ಒಂದು ಪಾಲು. ತಟ್ಟೆ ಸಮ ಬರಬೇಕಾದರೆ ಔಟ್‌ಪುಟ್ ಹನ್ನೊಂದು ಪಟ್ಟು ಏರಲೇಬೇಕು. ರೆಕಾರ್ಡ್ ಪುಸ್ತಕದಲ್ಲಿ ಬಾಯಿಪಾಠ ಮಾಡಿ ಬರೆದಿದ್ದ ಸೂತ್ರ ಇಷ್ಟೇ ಆಗಿತ್ತು. ಎಲ್‌ಎಂ35 ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ನಮ್ಮ ಜಗಲಿಯಲ್ಲಿ 0.22 ವೋಲ್ಟ್ ಬಂತು, ಅಂದರೆ 22 ಡಿಗ್ರಿ. ಅದನ್ನು ಮೂರನೇ ಕಾಲಿಗೆ ಕೊಟ್ಟೆ. ಲೆಕ್ಕಕ್ಕೆ 2.42 ಬರಬೇಕು. ಬಂದದ್ದು 2.46. ರೆಸಿಸ್ಟರಿನ ಮೇಲಿನ ಚಿನ್ನದ ಬಣ್ಣದ ಪಟ್ಟಿ ಶೇ 5ರ ಆಚೀಚೆಯನ್ನು ಮೊದಲೇ ಹೇಳಿರುತ್ತದೆ, ಹಾಗಾಗಿ ಅದರಲ್ಲಿ ತಪ್ಪೇನಿಲ್ಲ.

ಆಮೇಲೆ ಮಾಡಿದ್ದೇ ಆ ದಿನದ ನಿಜವಾದ ಪಾಠ. ಐಸಿ ಬದಲಾಯಿಸಿದೆ. ಎರಡನೆಯದರಲ್ಲಿ 2.45. ಮೂರನೆಯದರಲ್ಲಿ 2.47. ಡೇಟಾಶೀಟಿನ ಪ್ರಕಾರ 741ರ ಗೇನ್ 2 ಲಕ್ಷವೂ ಇರಬಹುದು, 20 ಸಾವಿರದಷ್ಟು ಕಡಿಮೆಯೂ ಇರಬಹುದು. ಒಂದೊಂದು ಐಸಿಗೆ ಒಂದೊಂದು. ಆದರೂ ಮೂರೂ ಒಂದೇ ಮಾತು ಹೇಳುತ್ತಿವೆ. ಹನ್ನೊಂದು ಎಂಬ ಸಂಖ್ಯೆ ಐಸಿಯದ್ದಲ್ಲವೇ ಅಲ್ಲ, ಎರಡು ರೆಸಿಸ್ಟರುಗಳದ್ದು. ಐಸಿ ತನ್ನ ಲಕ್ಷಗಟ್ಟಲೆ ಗೇನನ್ನೆಲ್ಲ ಖರ್ಚು ಮಾಡುವುದು ತಟ್ಟೆ ಸಮ ಮಾಡುವುದಕ್ಕೆ ಮಾತ್ರ.

ಔಟ್‌ಪುಟ್ಟಿನ ಪಾಲನ್ನು ಇನ್‌ಪುಟ್ಟಿಗೆ ಹಿಂದಕ್ಕೆ ತಂದು ಗೇನನ್ನು ಹದ್ದಿನಲ್ಲಿಡುವ ಈ ಯೋಚನೆ ಮೊದಲು ಹೊಳೆದದ್ದು ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸಿನ ಹೆರಾಲ್ಡ್ ಬ್ಲಾಕ್ ಎಂಬ ಎಂಜಿನಿಯರಿಗೆ, 1927ರ ಆಗಸ್ಟ್ 2ರಂದು ಬೆಳಿಗ್ಗೆ ಹಡ್ಸನ್ ನದಿ ದಾಟಿಸುವ ದೋಣಿಯಲ್ಲಿ ಕೆಲಸಕ್ಕೆ ಹೋಗುವಾಗ. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೇ ಬರೆದುಕೊಂಡರಂತೆ. ಕಷ್ಟಪಟ್ಟು ಗಳಿಸಿದ ಗೇನನ್ನು ಯಾರಾದರೂ ಬೇಕೆಂದೇ ಬಿಟ್ಟುಕೊಡುತ್ತಾರೆಯೇ ಎಂದು ಆಗಿನವರಿಗೆ ನಂಬಿಕೆ ಬರಲಿಲ್ಲ. ಪೇಟೆಂಟ್ ಕೈಗೆ ಬಂದಾಗ 1937. ಇದನ್ನು ನಾನು ಓದಿದ್ದು ತುಂಬಾ ತಡವಾಗಿ. ಓದಿದಾಗ ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನಲ್ಲಿ ಹತ್ತುತ್ತಿದ್ದ ಲಾಂಚು ಕಣ್ಣಿಗೆ ಬಂತು. ಅಂಥದ್ದೇ ಒಂದು ದೋಣಿಯ ಕಂಬಿಗೆ ಒರಗಿ ನಿಂತವನೊಬ್ಬನ ಪೆನ್ನಿನ ಗೀರು, ನನ್ನ ಎರಡು ಇಂಚಿನ ಹಳದಿ ವೈರು. ಫೇರ್‌ಚೈಲ್ಡ್ ಕಂಪನಿಯಲ್ಲಿ ಡೇವ್ ಫುಲ್ಲಗರ್ 741 ಮಾಡಿದ್ದು 1968ರಲ್ಲಿ. ಅದಕ್ಕಿಂತ ಹಿಂದಿನ 709 ಎಂಬ ಆಪ್-ಆಂಪಿಗೆ, ಅದು ತಾನಾಗಿಯೇ ಓಲಾಡಿ ತಾಳ ತಪ್ಪದಂತೆ, ಹೊರಗಿನಿಂದ ಕೆಪಾಸಿಟರ್ ಕಟ್ಟಬೇಕಿತ್ತು. ಇವರು 30 ಪಿಕೋಫ್ಯಾರಡಿನದೊಂದನ್ನು ಐಸಿಯ ಒಳಗೇ ಇಟ್ಟುಬಿಟ್ಟರು. ನನ್ನಂಥವಳು ಮಳೆಯಲ್ಲಿ, ಪುಸ್ತಕವಿಲ್ಲದೆ ಕಟ್ಟಿದರೂ ಅದು ಕೆಲಸ ಮಾಡಿದ್ದಕ್ಕೆ ಆ ಸಣ್ಣ ಕೆಪಾಸಿಟರಿನ ಋಣವಿದೆ.

"ಅಜ್ಜಿ, ಇದನ್ನ ಬೆರಳಲ್ಲಿ ಹಿಡೀರಿ" ಎಂದೆ. ಎಲೆಗೆ ಸುಣ್ಣ ಹಚ್ಚಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಸೆನ್ಸರನ್ನು ಹೂವಿನ ಮೊಗ್ಗು ಹಿಡಿದಂತೆ ಹಿಡಿದರು. 2.47 ಇದ್ದದ್ದು 2.60, 2.85, 3.10 ಎಂದು ಮೆಟ್ಟಿಲು ಹತ್ತಿತು. 3.50 ದಾಟಿ ನಿಧಾನವಾಯಿತು. ಸುಮಾರು 32 ಡಿಗ್ರಿ. "ನನ್ ಬಿಸಿನೇ ಇದು?" ಎಂದು ಮೀಟರಿಗೆ ಮುಖ ಹತ್ತಿರ ತಂದು ನೋಡಿದರು. ಬಿಟ್ಟರೆ ಇಳಿಯುತ್ತದೆ, ಹಿಡಿದರೆ ಏರುತ್ತದೆ. ನಾಲ್ಕೈದು ಸಲ ಮಾಡಿಸಿದರು.

ಅಮ್ಮ ಒಲೆಯಿಂದ ಕುದಿನೀರು ತಂದು ಸ್ಟೀಲ್ ಲೋಟಕ್ಕೆ ಹೊಯ್ದರು. ಸೆನ್ಸರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲೋಟದ ಹೊರಮೈಗೆ ಒತ್ತಿ ಹಿಡಿದೆ. 5, 6, 7, ಆಮೇಲೆ 7.8ಕ್ಕೆ ಬಂದು ನಿಂತುಬಿಟ್ಟಿತು. ಲೋಟ ಇನ್ನೂ ಬಿಸಿಯಾಗುತ್ತಿದ್ದರೂ ಮೀಟರು ಮುಂದೆ ಹೋಗದು. ಈ ಸಲ ಐಸಿಯನ್ನು ಬೈಯಲಿಲ್ಲ. ಅದೇ ಗೋಡೆ, ಹನ್ನೊಂದು ಪಟ್ಟಿಗೆ 71 ಡಿಗ್ರಿ ಹತ್ತಿರ ಬ್ಯಾಟರಿ ಮುಗಿಯುತ್ತದೆ. ಇನ್ನೊಂದು 10ಕೆ ತೆಗೆದು ಮೊದಲಿನದಕ್ಕೆ ಪಕ್ಕದಲ್ಲೇ ಚುಚ್ಚಿದೆ. ಎರಡೂ ಸೇರಿ 5ಕೆ, ಗೇನ್ 6. ಹೊಸದಾಗಿ ಕುದಿನೀರು ಹೊಯ್ದಾಗ 4.62ರ ತನಕ ಹೋಯಿತು, 77 ಡಿಗ್ರಿ. ನಾನು ಆರಿಸಿ ಹಾಕಿದ ಗೇನ್ ಅದು.

ಮುಸ್ಸಂಜೆಗೆ ಅಪ್ಪಯ್ಯ ತೋಟದಿಂದ ಬಂದರು. ಕಂಬಳಿಯಿಂದ ನೀರು ಸೋರುತ್ತಿತ್ತು, ಕೈಬೆರಳೆಲ್ಲ ನೆನೆದು ಬಿಳುಚಿಕೊಂಡಿದ್ದವು. ಕಾಲು ತೊಳೆಯುವ ಮೊದಲೇ ಅಜ್ಜಿ "ಇಲ್ಲಿ ಬಾ, ಇದನ್ನ ಹಿಡಿ" ಎಂದು ಕರೆದರು. ಅಪ್ಪಯ್ಯ ಹಿಡಿದರು. 1.32 ಇದ್ದದ್ದು 1.41ಕ್ಕೆ ಬಂದು ನಿಂತಿತು. ನಾನು 6ರಿಂದ ಭಾಗಿಸಿದೆ. 23 ಡಿಗ್ರಿಯ ಮೇಲೆ ಸ್ವಲ್ಪ.

"ಅಷ್ಟೇಯ?" ಅಂದರು ಅಜ್ಜಿ. "ನನಗೆ 32 ಬಂದಿತ್ತು. ಹೋಗಿ ಬೆಂಕಿ ಕಾಯಿಸ್ಕೊ ಮೊದಲು."

ಅಪ್ಪಯ್ಯ ಬಚ್ಚಲೊಲೆಯ ಮುಂದೆ ಕೂತು, ಕೈ ಕಾಯಿಸಿಕೊಂಡು, ಒಣ ಪಂಚೆ ಉಟ್ಟು ಮತ್ತೆ ಬಂದರು. ಆಗಲೇ ಕತ್ತಲಾಗಿತ್ತು. ಅಮ್ಮ ದೀಪ ತಂದು ಮೀಟರಿನ ಪಕ್ಕ ಹಿಡಿದರು. ನಾಲ್ಕೂ ಜನ ಬಗ್ಗಿ ನೋಡುತ್ತಿದ್ದಂತೆ 1.50, 1.70, 1.85, ಕೊನೆಗೆ 1.92.

"32" ಎಂದೆ.

"ಈಗ ಸರಿಯಾಯ್ತು" ಎಂದು ಅಜ್ಜಿ ಎಲೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.