ಸ್ಲಾಟಿಗೆ ಕೂತಿತು, ರೇಡ್‌ನಲ್ಲಿ ನಿಲ್ಲಲಿಲ್ಲ

ರಾತ್ರಿ ಎರಡೂವರೆಗೆ ಸರ್ವರ್‌ನಿಂದ ಅಲರ್ಟ್: ಅರೇ (ಒಟ್ಟಾಗಿ ದುಡಿಯುವ ಡಿಸ್ಕ್‌ಗಳ ಗುಂಪು) ಡಿಗ್ರೇಡೆಡ್, ಸ್ಲಾಟ್ 3ರ ಡಿಸ್ಕ್ ಹೊರಗೆ. ನಾನು ಗಾಬರಿಯಾಗಲಿಲ್ಲ. ರೇಡ್ 5 ಅಲ್ವಾ, ಒಂದು ಡಿಸ್ಕ್ ಹೋದರೆ ಏನಂತೆ, ಉಳಿದವು ಡೇಟಾ ಕಾಯುತ್ತವೆ. ಹಾಟ್ ಸ್ಪೇರ್, ಅಂದರೆ ಕಾದು ಕೂತ ಬದಲಿ ಡಿಸ್ಕ್ ಇತ್ತು, ಅದರ ಮೇಲೆ ಡೇಟಾ ಮತ್ತೆ ಕಟ್ಟುವ ರೀಬಿಲ್ಡ್ ತಾನಾಗೇ ಶುರುವಾಯಿತು. ಸುಮ್ನೆ ನೋಡುತ್ತಾ ಕೂತೆ. 41 ಪರ್ಸೆಂಟ್‌ಗೆ ಬಂದು ನಿಂತಿತು. ರಿಫ್ರೆಶ್ ಒತ್ತಿದೆ. ಅದೇ 41. ಮತ್ತೆ ಒತ್ತಿದೆ. ಸ್ಲಾಟ್ 5 ಫೇಲ್ಡ್, ಅರೇ ಆಫ್‌ಲೈನ್.

ಹೊರಬಿದ್ದ ಡಿಸ್ಕನ್ನು ಬಲವಂತವಾಗಿ ಒಳತರುವ ಫೋರ್ಸ್ ಆನ್‌ಲೈನ್ ಬಟನ್ ಇದೆ; ಬೆರಳು ಅದರ ಹತ್ತಿರ ಹೋಗಿ ಹೋಗಿ ವಾಪಸ್ ಬಂತು. ಒತ್ತುವ ಧೈರ್ಯ ಆಗಲಿಲ್ಲ. ಡೇಟಾಬೇಸ್ ನೋಡಿಕೊಳ್ಳುವ ಡಿಬಿಎಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: "ಅದೇ ಸಾಟಾ ಡಿಸ್ಕಾ?"

ಹೌದು, ಅದೇ. ಸಾಟಾ, ಸ್ಯಾಸ್ ಎರಡೂ ಡಿಸ್ಕನ್ನು ಸರ್ವರಿಗೆ ಜೋಡಿಸುವ ದಾರಿಗಳು. ಖರೀದಿ ಹೊತ್ತಲ್ಲಿ ಅವರು ಸ್ಯಾಸ್ ಕೇಳಿದ್ದರು. ಬೇಡ ಅಂದವನು ನಾನು. ಸ್ಯಾಸ್ ಸೆಕೆಂಡಿಗೆ 12 ಗಿಗಾಬಿಟ್, ಸಾಟಾ 6. ಆದರೆ ತಿರುಗುವ ಡಿಸ್ಕ್ ಸೆಕೆಂಡಿಗೆ 250 ಎಂಬಿ ಕೊಟ್ಟರೆ ದೊಡ್ಡದು, ಸಾಟಾ ದಾರಿಯೇ ಅರ್ಧ ಖಾಲಿ. ಮೇಲಾಗಿ ಸ್ಯಾಸ್ ಬ್ಯಾಕ್‌ಪ್ಲೇನ್‌ನಲ್ಲಿ, ಅಂದರೆ ಡಿಸ್ಕ್ ಸಿಗಿಸುವ ಹಲಗೆಯಲ್ಲಿ, ಸಾಟಾ ಡಿಸ್ಕ್ ಕೂರುತ್ತದೆ. ಲೆಕ್ಕ ಈಗಲೂ ಸರಿಯೇ. ಅದೇ ಉರಿ. ಅಗ್ಗ ಅಂತ ಡೆಸ್ಕ್‌ಟಾಪ್ ಮಾಡೆಲ್ ತರಿಸಿದೆ. ಮ್ಯಾನೇಜರ್ ಖುಷಿಯಿಂದ ಸಹಿ ಹಾಕಿದರು.

ಬೆಳಿಗ್ಗೆ ಹೊರಬಿದ್ದ ಎರಡನ್ನೂ ಬೇರೆ ಮಷೀನಿಗೆ ಹಾಕಿ ನೋಡಿದರೆ, ಬದುಕೇ ಇವೆ! ತಲಾ ನಾಲ್ಕಾರು ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ಪುಟ್ಟ ಜಾಗ), ಅಷ್ಟೇ. ಡೆಸ್ಕ್‌ಟಾಪ್ ಡಿಸ್ಕ್‌ಗೆ ಒಂದು ಸೆಕ್ಟರ್ ಓದಲಾಗದಿದ್ದರೆ ಹಟ ಹಿಡಿಯುತ್ತದೆ, ಕೆಲವೊಮ್ಮೆ ನಿಮಿಷಗಟ್ಟಲೆ. ಪಿಸಿಯಲ್ಲಿ ಒಂಟಿಯಾಗಿರುವಾಗ ಅದು ಸರಿ, ಡೇಟಾಗೆ ಬೇರೆ ದಿಕ್ಕಿಲ್ಲ. ಡಿಸ್ಕ್‌ಗಳ ಗುಂಪನ್ನು ಆಳುವ ರೇಡ್ ಕಾರ್ಡ್‌ಗೆ ಅಷ್ಟು ತಾಳ್ಮೆ ಎಲ್ಲಿ? ಕೆಲವು ಸೆಕೆಂಡು ಕಾದು ಸತ್ತಿದೆ ಅಂತ ಹೊರಹಾಕುತ್ತದೆ. ರೇಡ್‌ಗೆಂದೇ ಮಾಡಿದ ಡಿಸ್ಕ್ ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಚೆಲ್ಲುತ್ತದೆ, ಓದಲಾಗದ ತುಣುಕನ್ನು ಕಾರ್ಡ್ ಪ್ಯಾರಿಟಿಯಿಂದ, ಅಂದರೆ ಉಳಿದ ಡಿಸ್ಕ್‌ಗಳಲ್ಲಿಟ್ಟ ಲೆಕ್ಕದಿಂದ, ಕಟ್ಟಿಕೊಳ್ಳುತ್ತದೆ. ಎಷ್ಟು ಹೊತ್ತು ಹೆಣಗಿ ಬಿಡಬೇಕು ಎಂಬ ಈ ಇಆರ್‌ಸಿ ಸೆಟ್ಟಿಂಗ್ ನಮ್ಮ ಡಿಸ್ಕ್‌ಗಳಲ್ಲಿ ಇರಲೇ ಇಲ್ಲ. ನಾನು ಎಷ್ಟು ವೇಗ ಅಂತ ನೋಡಿದೆ, ಎಡವಿದಾಗ ಏನು ಮಾಡುತ್ತದೆ ಅಂತ ನೋಡಲಿಲ್ಲ. ತಪ್ಪು ಸಾಟಾದ್ದೂ ಅಲ್ಲ. ರೇಡ್‌ಗೆ ಹೊಂದುವ ಎಂಟರ್‌ಪ್ರೈಸ್ ಸಾಟಾ ತರಿಸಿದ್ದರೆ ಆ ರಾತ್ರಿ ನಿದ್ದೆ ಮಾಡಿರುತ್ತಿದ್ದೆ.

ರಾತ್ರಿ ಹನ್ನೊಂದರ ಬ್ಯಾಕಪ್‌ನಿಂದ ರಿಸ್ಟೋರ್ ಮಾಡಿದೆವು. ಆಮೇಲಿನ ಎಂಟ್ರಿ ಎಲ್ಲ ಹೋಯಿತು. ಡಿಬಿಎ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ವಾರದ ನಂತರ ಮ್ಯಾನೇಜರ್ ಮೇಲ್: ಇನ್ನು ಎಲ್ಲಾ ಸರ್ವರಿಗೂ ಎನ್‌ವಿಎಂಇ (ಅತಿ ವೇಗದ ಎಸ್‌ಎಸ್‌ಡಿ), ಬ್ಯಾಕಪ್ ಸರ್ವರಿಗೂ. ರಾತ್ರಿ ಒಂದೇ ಸಮನೆ ಬರೆದು ಹಗಲು ಮಲಗುವ ಬಾಕ್ಸಿಗೆ ಎನ್‌ವಿಎಂಇ! ಬೇಡ ಸಾರ್, ಸಾಟಾ ಸಾಕು ಅಂತ ಅರ್ಧ ಮೇಲ್ ಬರೆದೆ. ಓದಿಕೊಂಡೆ. ಅಳಿಸಿದೆ.